ತಂದೆಯ ತಳಿಗೆ ಹೊಂದುವುದಿಲ್ಲ

ಆ ವಾಕ್ಯ ಬರೆದವಳು ನಾನೇ. ಡಾಕ್ಟರರ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು, ಪುಣೆಯ ಪ್ರಯೋಗಾಲಯದ ಮೇಲೂ ಹಾಕಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಬಂದ ವರದಿಯನ್ನು ಮುಂದಿಟ್ಟುಕೊಂಡು, ಗೋಕಾಕದ ಬಾಡಿಗೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ನಿಘಂಟು ತಿರುವಿ, ದುಂಡಗಿನ ಅಕ್ಷರಗಳಲ್ಲಿ ಅದನ್ನು ಕನ್ನಡಕ್ಕೆ ತಂದವಳು ನಾನು, ಹುಕ್ಕೇರಿಯ ದಾಕ್ಷಾಯಿಣಿ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತೆಂಬ ಧಿಮಾಕು ಬೇರೆ ಇತ್ತು.

ಅದು ೨೦೦೩ನೇ ಇಸವಿ. ಈಶ್ವರ ಡಾಕ್ಟರು ಮಕ್ಕಳ ಹೊಟ್ಟೆಹುಣ್ಣಿನ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದರು, ನಾನು ಅವರ ಸಹಾಯಕಿ. ಹೊಟ್ಟೆಹುಣ್ಣು ಖಾರ ತಿಂದು ಬರುತ್ತದೆಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಬಹಳ ಸಲ ಅದಕ್ಕೆ ಕಾರಣ ಜಠರದ ಗೋಡೆಗೆ ಅಂಟಿಕೊಂಡು ಬದುಕುವ ಒಂದು ರೋಗಾಣು. ಮಗುವಿಗೆ ಐದು ತುಂಬುವುದರೊಳಗೆ ಅದು ಹೊಟ್ಟೆ ಸೇರಿರುತ್ತದೆ, ಹೆಚ್ಚಾಗಿ ಮನೆಯವರಿಂದಲೇ. ಸೇರಿದ್ದು ತಾನಾಗಿ ಹೋಗುವುದಿಲ್ಲ, ಮುದುಕರಾಗುವ ತನಕ ಒಳಗೇ ಇರುತ್ತದೆ. ಯಾರಿಂದ ಬಂತೆಂದು ತಿಳಿಯದೆ ಮಗುವಿಗೆ ಮಾತ್ರ ಔಷಧ ಕೊಟ್ಟರೆ ಕೆಲವು ತಿಂಗಳಲ್ಲಿ ಅದೇ ಬಾಯಿಂದ ಮತ್ತೆ ಬರಬಹುದು. ಯಾರಿಂದ ಎಂದು ತಿಳಿಯಬೇಕಾದರೆ ರೋಗಾಣುವಿನ ಡಿಎನ್‌ಎ ನೋಡಬೇಕು. ಒಂದೇ ರೋಗಾಣುವಿನಲ್ಲಿ ಲೆಕ್ಕವಿಲ್ಲದಷ್ಟು ತಳಿಗಳಿವೆ. ಮಗುವಿನ ಹೊಟ್ಟೆಯಲ್ಲಿರುವ ತಳಿ ಮನೆಯಲ್ಲಿ ಯಾರ ಹೊಟ್ಟೆಯ ತಳಿಯನ್ನು ಹೋಲುತ್ತದೋ ಅವರ ಮೇಲೆ ಗುಮಾನಿ ಇಡಬೇಕು.

ಗುಮಾನಿ ಇಡುವ ಕೆಲಸಕ್ಕೆ ನಾನು ಹೇಳಿ ಮಾಡಿಸಿದವಳು. ನನಗೆ ಚಿಕ್ಕಂದಿನಿಂದಲೂ ಯಾರ ಮಾತಿನ ಮೇಲೂ ಪೂರ್ತಿ ನಂಬಿಕೆ ಬರುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಮನೆಗೆ ಹೋಗಿ ನೀರು ಕಾಯಿಸಿ ಕುಡಿಯುತ್ತೀರಾ ಎಂದು ಕೇಳುತ್ತಿದ್ದೆ. ಇಲ್ಲ ಎಂದವರು ಒಬ್ಬರೂ ಇಲ್ಲ. ಹೌದೆಂದು ಬರೆದುಕೊಂಡು, ಆಮೇಲೆ ಬಾಯಾರಿದೆಯೆಂದು ಹೇಳಿ, ನನಗೆ ಕೊಡುವ ನೀರನ್ನು ಯಾವ ಕೊಡದಿಂದ ತುಂಬುತ್ತಾರೆಂದು ಕತ್ತು ಚಾಚಿ ನೋಡುತ್ತಿದ್ದೆ. ಹೊಲಸು ಬುದ್ಧಿಯೇ ಸರಿ, ಆದರೆ ಡಾಕ್ಟರರಿಗೆ ಬೇಕಾಗಿದ್ದದ್ದು ಅದೇ.

ಮೂಡಲಗಿಯ ಗೊಮ್ಮಟೇಶ ಸಾವಕಾರರ ಮನೆಯಲ್ಲಿ ಮಾತ್ರ ನನ್ನ ಆಟ ನಡೆಯಲಿಲ್ಲ. ಜೈನರ ಮನೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಮುಚ್ಚಿಟ್ಟಿದ್ದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ತುತ್ತು ಎತ್ತುವುದಿಲ್ಲ. ಇಂಥ ಮನೆಯ ಆರು ವರ್ಷದ ಹುಡುಗಿ ದೀಪಾಲಿಗೆ ಹೊಟ್ಟೆಹುಣ್ಣಾಗಿ, ಕಪ್ಪಗೆ ವಾಂತಿಯಾಗಿ, ಮೈಯಲ್ಲಿ ರಕ್ತವೇ ಇಲ್ಲದ ಹಾಗೆ ಆಗಿತ್ತು. ಒಂದು ಸಲ ಔಷಧದಿಂದ ಗುಣವಾಗಿ, ಮೂರೇ ತಿಂಗಳಲ್ಲಿ ನೋವು ಮರಳಿ ಬಂದಿತ್ತು.

ಮನೆಯಲ್ಲಿ ದೊಡ್ಡವರು ನಾಲ್ವರು. ಗೊಮ್ಮಟೇಶನಿಗೆ ಮೂವತ್ತನಾಲ್ಕು, ಬಸ್ ನಿಲ್ದಾಣದ ಎದುರು ಬೀಜ ಗೊಬ್ಬರದ ಅಂಗಡಿ. ಹೆಂಡತಿ ಆರತಿ, ನಮ್ಮ ಹುಕ್ಕೇರಿಯವಳೇ. ತಮ್ಮ ಅರಿಹಂತ, ಇಪ್ಪತ್ತಾರು ವರ್ಷ, ಇನ್ನೂ ಮದುವೆಯಿಲ್ಲ, ಘಟಪ್ರಭಾದ ಒಂದು ಶಾಲೆಯಲ್ಲಿ ಮಾಸ್ತರಿಕೆ. ಇವರೆಲ್ಲರ ಮೇಲೆ ಇವರ ತಾಯಿ ಲಕ್ಷ್ಮೀಬಾಯಿ, ಐವತ್ತು ದಾಟಿದವರು, ಬಿಗಿದು ಕಟ್ಟಿದ ತುರುಬು, ಅಳೆದು ಆಡುವ ಮಾತು. ತಂದೆ ತೀರಿಕೊಂಡು ವರ್ಷಗಳಾಗಿದ್ದವು.

ಮಾದರಿ ತೆಗೆಯಲು ನಮ್ಮ ಹತ್ತಿರ ದಾರದ ಗುಳಿಗೆ ಇತ್ತು. ಒಳಗೆ ಉದ್ದನೆಯ ದಾರ ಸುತ್ತಿಟ್ಟ ಗುಳಿಗೆ. ದಾರದ ತುದಿಯನ್ನು ಕೆನ್ನೆಗೆ ಅಂಟಿಸಿಕೊಂಡು ಅದನ್ನು ನುಂಗಬೇಕು, ಒಳಗೆ ಹೊರಪೊರೆ ಕರಗಿ ದಾರ ಜಠರದ ರಸ ಹೀರುತ್ತದೆ, ತಾಸಿನ ನಂತರ ಎಳೆದು ತೆಗೆಯಬೇಕು. ಅಣ್ಣ, ತಮ್ಮ, ಆರತಿ ಮೂವರೂ ನುಂಗಿ, ಕೆನ್ನೆಗೆ ಪಟ್ಟಿ ಹಚ್ಚಿಕೊಂಡು, ಹಿಡಕಲ್ ಜಲಾಶಯದಲ್ಲಿ ಗಾಳಕ್ಕೆ ಸಿಕ್ಕ ಮೀನುಗಳ ಹಾಗೆ ಸಾಲಾಗಿ ಕೂತಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು. ಆಗ ಲಕ್ಷ್ಮೀಬಾಯಿ ತಮ್ಮ ಪಾಲಿನ ಗುಳಿಗೆಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಇದರ ಮ್ಯಾಲಿನ ಪೊರಿ ಯಾತರದು?"

ಸುಳ್ಳು ಹೇಳಲು ಬರಲಿಲ್ಲ. ಅದು ದನದ ಎಲುಬಿನಿಂದ ತೆಗೆದದ್ದು ಇರಬಹುದು ಎಂದೆ. ಮೂವರ ಮುಖವೂ ಒಮ್ಮೆಲೇ ಇಳಿಯಿತು, ಆದರೆ ನುಂಗಿಯಾಗಿತ್ತು. ಲಕ್ಷ್ಮೀಬಾಯಿ ಗುಳಿಗೆಯನ್ನು ನನ್ನ ಕೈಗೆ ಮರಳಿಸಿದರು. "ಅವ್ರಿಗೆ ಗೊತ್ತಿರಲಿಲ್ಲ, ನುಂಗಿದ್ರು. ನನಗ ಗೊತ್ತಾತು. ನಾ ಒಲ್ಲೆ" ಎಂದರು.

ನನ್ನ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿತ್ತು, ಮಗುವಿಗೆ ಯಾರಾದರೂ ಅಗಿದು ತಿನ್ನಿಸುತ್ತಾರೆಯೇ ಎಂದು. ಅದಕ್ಕೂ ಅವರೇ ಉತ್ತರ ಕೊಟ್ಟರು. "ಎಂಜಲಾ? ನಮ್ಮ ಮನ್ಯಾಗ?" ನಾನು ಇಲ್ಲ ಎಂಬುದಕ್ಕೆ ಗುರುತು ಹಾಕಿದೆ. ಆ ಮನೆಯ ನೀರು ನೋಡಿದ ಮೇಲೆ ನಂಬದಿರಲು ಕಾರಣವಿರಲಿಲ್ಲ.

ಆರು ವಾರಕ್ಕೆ ಪುಣೆಯಿಂದ ವರದಿ ಬಂತು. ಒಂಬತ್ತು ಮನೆಗಳ ವರದಿ, ಒಂಬತ್ತು ಪತ್ರ ಬರೆಯಬೇಕಿತ್ತು. ಮೊದಲ ಕರಡಿನಲ್ಲಿ "ಮಗುವಿನ ಹೊಟ್ಟೆಯಲ್ಲಿರುವ ರೋಗಾಣುವಿನ ತಳಿ" ಎಂದೇ ಬರೆದಿದ್ದೆ. ಓದಿ ನೋಡಿದರೆ ರೋಗಾಣು, ರೋಗಾಣು ಎಂದು ಮೂರು ಸಾಲಿನಲ್ಲಿ ಆರು ಸಲ. ಕಿವಿಗೆ ಹಿತವಾಗಲಿಲ್ಲ. ಬಹುಮಾನ ಪಡೆದವಳಲ್ಲವೆ, ಆ ಪದವನ್ನು ಎಲ್ಲ ಕಡೆ ಹೊಡೆದುಹಾಕಿ ವಾಕ್ಯಗಳನ್ನು ನಯ ಮಾಡಿದೆ. ಮೂಡಲಗಿಗೆ ಹೋದ ಪತ್ರದ ನೆತ್ತಿಯ ಮೇಲೆ "ಡಿಎನ್‌ಎ ಪರೀಕ್ಷೆಯ ವರದಿ" ಎಂದಿತ್ತು. ಕೆಳಗೆ ಹೀಗಿತ್ತು: "ಮಗುವಿನ ತಳಿ ತಂದೆಯ ತಳಿಗೆ ಹೊಂದುವುದಿಲ್ಲ. ಚಿಕ್ಕಪ್ಪ ಅರಿಹಂತ ಇವರ ತಳಿಗೆ ಸಂಪೂರ್ಣವಾಗಿ ಹೊಂದುತ್ತದೆ. ತಾಯಿಯಲ್ಲಿ ಏನೂ ಕಂಡುಬಂದಿಲ್ಲ." ಡಾಕ್ಟರರು ಕನ್ನಡದ ಪತ್ರಗಳನ್ನು ಓದುವ ಗೋಜಿಗೆ ಹೋಗದೆ ಒಂಬತ್ತಕ್ಕೂ ಸಹಿ ಹಾಕಿದರು. ನಾನು ಅಂಚೆಗೆ ಹಾಕಿ ಬಂದೆ.

ಹನ್ನೊಂದು ದಿನಗಳ ಮೇಲೆ ಅರಿಹಂತ ಗೋಕಾಕದ ನಮ್ಮ ಕೋಣೆಗೆ ಬಂದ. ಕೂರಲಿಲ್ಲ.

"ಬಾಯಾರ, ನಿಮ್ಮ ಕಾಗದ ಬಂದಾಗಿಂದ ಅಣ್ಣ ನನ್ನ ಜೋಡಿ ಮಾತು ಬಿಟ್ಟಾನ. ನಾ ಘಟಪ್ರಭಾದಾಗ ಗೆಳ್ಯಾನ ಖೋಲ್ಯಾಗ ಇರಾಕತ್ತೇನಿ. ಆರತಿ ವೈನಿ ಮಾಡಿದ್ದು ಉಣ್ಣವಲ್ಲ, ದೀಪಾಲಿ ಹತ್ರ ಬಂದ್ರ ಎದ್ದು ಹೋಗ್ತಾನಂತ. ಬರೂ ರವಿವಾರ ವೈನಿ ಅಪ್ಪಾರು ಬಂದು ತಾಯಿ ಮಗಳು ಇಬ್ರನ್ನೂ ಹುಕ್ಕೇರಿಗೆ ಕರಕೊಂಡು ಹೋಗ್ಬೇಕು ಅಂತ ಹೇಳಿ ಕಳಿಸ್ಯಾನ. ತಿರುಗಿ ಕರಸೂ ಮಾತಿಲ್ಲ."

"ಯಾಕ?" ಎಂದೆ ನಾನು, ಪೆದ್ದಿಯ ಹಾಗೆ.

ಅವನು ಪತ್ರವನ್ನು ಮೇಜಿನ ಮೇಲಿಟ್ಟ. ನನ್ನದೇ ದುಂಡಗಿನ ಅಕ್ಷರ. ಮೊದಲ ಸಲ ಓದಿದಾಗ ಏನೂ ಕಾಣಲಿಲ್ಲ. ಎರಡನೇ ಸಲ ಗೊಮ್ಮಟೇಶನ ಜಾಗದಲ್ಲಿ ಕೂತು ಓದಿದೆ. ಮಗುವಿನ ತಳಿ, ತಂದೆಯ ತಳಿ, ಚಿಕ್ಕಪ್ಪನ ತಳಿ. ಆ ಪತ್ರದಲ್ಲಿ ರೋಗದ ಸುಳಿವೇ ಇರಲಿಲ್ಲ.

ನಾನು ಎಂಥವಳೆಂದು ಹೇಳಬೇಕು. ಪತ್ರ ಕೈಯಲ್ಲಿದ್ದಾಗಲೇ ನಾನು ಅರಿಹಂತನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಸುಂದರ ಹುಡುಗ. ಅತ್ತಿಗೆಯನ್ನು ವೈನಿ ಎನ್ನುವಾಗ ದನಿ ಮೆತ್ತಗಾಗುತ್ತದೆಯೆ ಎಂದು ಕಿವಿಗೊಟ್ಟೆ. ತಪ್ಪು ನನ್ನದೆಂದು ಗೊತ್ತಿದ್ದೂ ಎದೆಯ ಮೂಲೆಯಲ್ಲಿ, ಇವರ ನಡುವೆ ಏನಾದರೂ ಇದ್ದೇ ಇರಬಹುದು ಎಂಬ ಯೋಚನೆ ಹಾದುಹೋಯಿತು. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಉಳಿದ ಎಂಟು ಮನೆಗಳಲ್ಲಿ ಅನಾಹುತವಾಗಿರಲಿಲ್ಲ. ಅಲ್ಲೆಲ್ಲ ಮಗುವಿನದು ತಾಯಿಗೋ ತಂದೆಗೋ ಹೊಂದಿತ್ತು. ಹುಕ್ಕೇರಿಯ ಹನಮವ್ವನ ಗಂಡನಂತೂ "ತಂದೆಯ ತಳಿಗೆ ಹೊಂದುತ್ತದೆ" ಎಂಬ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆಂದು ಸುದ್ದಿ ಬಂತು. ಅದನ್ನು ಕೇಳಿ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮರುದಿನ, ಶುಕ್ರವಾರ, ಇಂಗ್ಲಿಷ್ ವರದಿ ಹಿಡಿದುಕೊಂಡು ಮೂಡಲಗಿಯ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗೊಮ್ಮಟೇಶ ಒಬ್ಬನೇ ಇದ್ದ. ಹಿಂದಿನ ಗೋಡೆ ತುಂಬ ಗೋವಿನಜೋಳ, ಹತ್ತಿ, ಸೂರ್ಯಕಾಂತಿಯ ಬೀಜದ ಚೀಲಗಳು. ಪ್ರತಿ ಚೀಲದ ಮೇಲೂ ತಳಿ, ತಳಿ, ತಳಿ. ಸುಧಾರಿತ ತಳಿ, ಮಿಶ್ರ ತಳಿ, ಶುದ್ಧ ತಳಿ. ಇಂಥ ಗೋಡೆಗೆ ಬೆನ್ನು ಕೊಟ್ಟು ಕೂರುವ ಮನುಷ್ಯನಿಗೆ ನಾನು ಆ ಪತ್ರ ಬರೆದಿದ್ದೆ.

"ಸಾವಕಾರ, ಅದು ಹುಳಾದ ತಳಿ. ಮನಷ್ಯಾರದಲ್ಲ" ಎಂದೆ. ರೋಗಾಣುವಿಗೆ ನಮ್ಮಲ್ಲಿ ಹುಳ ಅಂತಲೇ ಅನ್ನುವುದು.

ಅವನು ಡ್ರಾವರಿನಿಂದ ಪತ್ರದ ನಕಲು ತೆಗೆದ. ಮೂಲವನ್ನು ತಮ್ಮನ ಮುಖಕ್ಕೆ ಎಸೆಯುವ ಮೊದಲು ಝೆರಾಕ್ಸ್ ಮಾಡಿಸಿಟ್ಟುಕೊಂಡಿದ್ದ. "ಹುಳಾ ಅಂತ ಇದರಾಗ ಎಲ್ಲೈತಿ ತೋರಸ್ರಿ."

ಎಲ್ಲಿಯೂ ಇರಲಿಲ್ಲ.

"ನಾ ಹತ್ತ ವರ್ಷಾತು ತಳಿ ಮಾರಾಕತ್ತು. ನನಗ ತಳಿ ಅಂದ್ರೇನು ಅಂತ ಕಲಸಬ್ಯಾಡ್ರಿ. ಬೀಜಕ್ಕಂತ ಬೆಳಿಯೂ ಹೊಲದಾಗ ಗಂಡ ಸಾಲು ಬ್ಯಾರೆ, ಹೆಣ್ಣ ಸಾಲು ಬ್ಯಾರೆ ಹಾಕತಾರ. ನಡುವ ಹೊಂದಲಾರದ ಗಿಡಾ ಒಂದು ಕಂಡ್ರೂ ಹೂ ಬಿಡೂದ್ರಾಗ ಕಿತ್ತ ಒಗೀತಾರ."

ಅವನು ಏರಿದ ದನಿಯಲ್ಲಿ ಹೇಳಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಗಿರಾಕಿಗೆ ಗೊಬ್ಬರದ ಪ್ರಮಾಣ ಹೇಳುವ ಹಾಗೆ ಹೇಳಿದ. ನಾನು ಇಂಗ್ಲಿಷ್ ವರದಿ ಬಿಡಿಸಿ, ಒಂದೊಂದೇ ಶಬ್ದಕ್ಕೆ ಬೆರಳಿಟ್ಟು ಅರ್ಥ ಹೇಳಿದೆ. ತಪ್ಪು ನನ್ನದು, ಬೇಕಾದರೆ ಅದನ್ನೂ ಬರೆದು ಕೊಡುತ್ತೇನೆ ಎಂದೆ. ಪಿಯುಸಿ ತನಕ ಓದಿದವನು, ನಿಧಾನವಾಗಿ ಓದಿಕೊಂಡ. ಅವನ ಹೆಗಲು ಸ್ವಲ್ಪ ಸಡಿಲಾದ ಹಾಗೆ ಕಂಡಿತು.

"ಆತು, ಹುಳಾದ್ದ ಅನಕೊಳ್ಳೋಣು. ಹುಳಾ ಒಬ್ಬರಿಂದ ಒಬ್ಬರಿಗೆ ಹೆಂಗ ಬರತೈತಿ?"

"ಬಾಯಿಂದ ಬಾಯಿಗೆ ಬರತೈತ್ರಿ" ಎಂದೆ.

ಅಂದವಳೇ ನಾಲಿಗೆ ಕಚ್ಚಿಕೊಂಡೆ. ಅವನು ವರದಿಯನ್ನು ಮಡಿಸಿ ನನ್ನ ಕಡೆ ಸರಿಸಿದ.

"ಹಂಗಾರ ನನ್ನ ತಮ್ಮನ ಬಾಯಾನ ಹುಳಾ ನನ್ನ ಮನ್ಯಾಗ ಯಾರ ಬಾಯಿಗೆ ಹೋಗಿ, ಅಲ್ಲಿಂದ ಕೂಸಿನ ಬಾಯಿಗೆ ಬಂತು?"

"ಆರತಿ ಅವ್ರ ಹೊಟ್ಯಾಗ ಹುಳಾನ ಇಲ್ರಿ. ವರದಿಯೊಳಗ ಸಾಫ್ ಬರದಾರ."

"ನೀವು ದಾರಾ ಇಳಸೂದ್ರಾಗ ಹೋಗಿರಬೇಕು."

ಅನುಮಾನ ಹಿಡಿದವನಿಗೆ ಪುರಾವೆ ಸಿಕ್ಕರೂ ನಡೆಯುತ್ತದೆ, ಸಿಗದಿದ್ದರೂ ನಡೆಯುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ನಾನೂ ಅದೇ ಜಾತಿಯವಳು. ರವಿವಾರದ ಮಾತು ರವಿವಾರವೇ ಎಂದು ಹೇಳಿ ಅವನು ಹೊಸದಾಗಿ ಬಂದ ಚೀಲಗಳನ್ನು ಎಣಿಸತೊಡಗಿದ.

ಅಂಗಡಿಯಿಂದ ಮನೆಗೆ ನಡೆದೆ. ಆರತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಈ ಕೆಲವೇ ದಿನದಲ್ಲಿ ಮುಖ ಬತ್ತಿಹೋಗಿತ್ತು. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ.

"ದೀಪಾಲಿಗೆ ಗುಳಿಗಿ ಯಾವಾಗ ಚಾಲೂ ಮಾಡೋಣ್ರಿ? ನಿನ್ನಿ ಮತ್ತ ಹೊಟ್ಟಿ ಹಿಡಕೊಂಡು ಕುಂತಿದ್ಲು" ಎಂದಳು.

"ಯಾರಿಂದ ಬಂದೈತಿ ಅನ್ನೂದು ತಿಳದ ಮ್ಯಾಲ ಇಬ್ರಿಗೂ ಕೂಡೇ ಕೊಡಬೇಕಂತಾರ ಡಾಕ್ಟರು. ಅರಿಹಂತ ಅವ್ರು ಏನಾರ ಎಂಜಲಾ ತಿನಸತಿದ್ರೇನು?"

"ಮಾಸ್ತರು ಹೊತ್ತ ಹೊಂಡೂ ಮುಂದ ಹೋಗಾವ್ರು, ಸಂಜಿಕ ಬರಾವ್ರು. ಅವ್ರು ಆಕೀನ ಎತ್ತಿಕೊಂಡದ್ದ ಕಡಿಮಿ." ಇಷ್ಟು ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು.

ಅಡುಗೆಮನೆಯ ಬಾಗಿಲಿಗೆ ಬಂದಾಗ ದೀಪಾಲಿ ಅಜ್ಜಿಯ ಮುಂದೆ ನಿಂತಿದ್ದಳು. ಆರು ವರ್ಷದ ಮಕ್ಕಳ ಹಾಗೆ ಮುಂದಿನ ಹಲ್ಲು ಬಿದ್ದು ಬಾಯಿ ಬೋಡಾಗಿತ್ತು. ಕೈಯಲ್ಲಿ ಒಣ ಕೊಬ್ಬರಿಯ ಚೂರು.

"ಆಯಿ, ಮೆತ್ತಗ ಮಾಡಿ ಕೊಡು" ಎಂದಳು.

ಲಕ್ಷ್ಮೀಬಾಯಿ ಕೊಬ್ಬರಿ ತೆಗೆದುಕೊಂಡು ಬಾಯಿಯ ಹತ್ತಿರ ಒಯ್ದವರು ನನ್ನನ್ನು ಕಂಡರು. ಕೈ ಅಲ್ಲೇ ನಿಂತಿತು. ಕೊಬ್ಬರಿಯನ್ನು ಮಗುವಿನ ಕೈಗೆ ಮರಳಿಸಿ, "ಹೊರಗ ಆಡು ಹೋಗವಾ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಮಗು ಆಚೆ ಹೋದದ್ದೇ ತಡ, ದೊಡ್ಡವರು ಎನ್ನುವುದನ್ನೂ ನೋಡಲಿಲ್ಲ.

"ಅವ್ವಾರ, ಹುಳಾ ನಿಮ್ಮದು. ಅರಿಹಂತ ಸಣ್ಣಾವ್ರಿದ್ದಾಗ ಅವ್ರಿಗೂ ಹಿಂಗ ಅಗದ ಕೊಟ್ಟೀರಿ, ಈಗ ಮೊಮ್ಮಗಳಿಗೂ ಕೊಡಾಕತ್ತೀರಿ. ಅದಕ್ಕ ಅವ್ರಿಬ್ಬರದು ಒಂದ ಆಗೈತಿ. ಇಷ್ಟು ಹೇಳಿದ್ರ ಮುಗೀತಿತ್ತು. ಎಂಜಲದ ನಾಚಿಕಿಗೆ ಸೊಸಿ ಮನಿ ಬಿಡೂದನ್ನ ನೋಡ್ಕೋತ ಕುಂತೀರಿ."

ಲಕ್ಷ್ಮೀಬಾಯಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ದೀಪಾಲಿ ಹತ್ತ ತಿಂಗಳಾಕಿ ಇದ್ದಾಗ ಆರತಿಗೆ ಕಾಮಾಲಿ ಆಗಿತ್ತು. ಕೂಸು ಏನೂ ಒಲ್ಲೆ ಅಂತಿತ್ತು. ಅಗದ ಇಟ್ರ ನುಂಗತಿತ್ತು. ರೂಢಿ ಬಿತ್ತು. ಎಂಜಲದ ನಾಚಿಕಿ ನನಗಿಲ್ಲ. ಬಸದಿಗೆ ಹೋಗಿ ತಪ್ಪಾತು ಅಂತೇನಿ." ಆಮೇಲೆ ಕೇಳಿದರು: "ನಾ ದಾರಾ ನುಂಗಿದ್ರ ನನ್ನ ತಳೀನೂ ಹೇಳತೈತಲ್ಲ?"

"ಪೊರಿ ಇಲ್ಲದ ಬರೇ ದಾರಾ ಅನ್ನದ ತುತ್ತಿನ್ಯಾಗ ಇಟ್ಟ ಕೊಡತೇನಿ. ಹೇಳತೈತಿ."

"ಅರಿಹಂತಗ ಹೊಂದತೈತಿ ಅಂತ ಹೇಳತೈತಿ. ಗೊಮ್ಮಟಗ ಹೊಂದೂದಿ‍ಲ್ಲ ಅಂತಾನೂ ಹೇಳತೈತಲ್ಲ?"

ಹೌದೆನ್ನಲು ಬಾಯಿ ತೆರೆದವಳು ಅವರ ಮುಖ ನೋಡಿ ನಿಲ್ಲಿಸಿದೆ. ಆ ಮುಖದಲ್ಲಿ ಇದ್ದದ್ದು ಸಿಕ್ಕಿಬಿದ್ದವರ ಅಂಜಿಕೆ. ಆಗ ನನಗೆ ಎರಡೂ ಒಟ್ಟಿಗೆ ತಿಳಿದವು. ಇವರೂ ಆ ಪತ್ರವನ್ನು ಮಗನ ಹಾಗೆಯೇ ಓದಿದ್ದಾರೆ. ಮತ್ತು ಗೊಮ್ಮಟೇಶ ಇವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ.

"ನಮ್ಮಕ್ಕನ ಮಗಾ" ಎಂದರು ಲಕ್ಷ್ಮೀಬಾಯಿ. "ಮೂರ ತಿಂಗಳ ಕೂಸು ಇದ್ದಾಗ ಅಕ್ಕ ಹೋದ್ಲು. ಸಾಂಗ್ಲಿ ಕಡೆ ನಮ್ಮವ್ವನ ಕಡೆ ಬೆಳದ. ನಾಕ ವರ್ಷದಾಂವ ಆದಾಗ ಅವ್ರ ಅಪ್ಪಗ ನನ್ನ ಕೊಟ್ರು. ಅದ ವರ್ಷ ಇಲ್ಲಿಗೆ ಬಂದ ಅಂಗಡಿ ಹಾಕಿದ್ವಿ. ಇಲ್ಲಿ ಮಂದಿ ನಮ್ಮನ್ನ ನೋಡಿದ್ದ ಮೂರೂ ಮಂದಿ ಕೂಡಿ. ಅವನಿಗೆ ಏನ್ ಹೇಳೇವಿ ಅಂದ್ರ, ಹಡದ ಮ್ಯಾಲ ನನಗ ಆರಾಮ ಇರಲಿಲ್ಲ, ಅದಕ್ಕ ಅಜ್ಜಿ ಮನ್ಯಾಗ ಇಟ್ಟಿದ್ವಿ ಅಂತ. ಗೊತ್ತಿದ್ದಾವ್ರು ಒಬ್ಬೊಬ್ರ ಹೋದ್ರು. ಈಗ ನನಗೊಬ್ಬಾಕಿಗೆ ಗೊತ್ತೈತಿ."

ನನಗೆ ಮೊದಲು ಹೊಳೆದದ್ದು ಅವರ ದುಃಖವಲ್ಲ, ದಾರಿ. "ಅವ್ವಾರ, ಇದನ್ನ ಹೇಳೂದ ಬ್ಯಾಡ. ಹುಳಕ್ಕ ಯಾರ ಯಾರನ್ನ ಹಡದಾರ ಅನ್ನೂದು ಗೊತ್ತಾಗೂದಿಲ್ಲ. ಸಾವಕಾರ್ರು ಸಣ್ಣಾವ್ರಿದ್ದಾಗ ಸಾಂಗ್ಲಿ ಕಡೆ ಇದ್ರು, ಅಲ್ಲಿ ಅಜ್ಜಿ ಕೈಯಾಗ ಉಂಡ್ರು, ಅಲ್ಲಿ ಹುಳಾ ಬಂತು. ಅಷ್ಟ ಹೇಳ್ರಿ ಸಾಕು. ಅದು ಸುಳ್ಳೂ ಅಲ್ಲ."

ಅವರು ನನ್ನ ಮಾತನ್ನು ನಂಬಲಿಲ್ಲ ಎನ್ನುವುದು ಕಾಣುತ್ತಿತ್ತು. ತಳಿ ಎಂದರೆ ತಳಿ, ಅದನ್ನು ಪುಣೆಯವರು ಯಂತ್ರದಲ್ಲಿ ನೋಡಿ ಬರೆದಿದ್ದಾರೆ, ಇವಳು ಈಗ ಮಾತು ತಿರುಗಿಸುತ್ತಿದ್ದಾಳೆ, ಹೀಗೆ ಇತ್ತು ಅವರ ನೋಟ. ಕೊನೆಗೆ, "ರವಿವಾರ ನೀವೂ ಬರ್ರಿ" ಎಂದಷ್ಟೇ ಹೇಳಿದರು. ಏನು ಹೇಳುತ್ತಾರೆ, ಹೇಳುತ್ತಾರೋ ಇಲ್ಲವೋ, ಅದನ್ನು ಬಾಯಿ ಬಿಡಲಿಲ್ಲ.

ಎರಡು ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮುದುಕಿ ಸುಮ್ಮನೆ ಉಳಿಯುತ್ತಾಳೆ ಎಂದೇ ನನಗನ್ನಿಸುತ್ತಿತ್ತು. ಮೂವತ್ತು ವರ್ಷ ಮುಚ್ಚಿಟ್ಟದ್ದನ್ನು ಸೊಸೆಗಾಗಿ ಯಾರು ಬಿಚ್ಚುತ್ತಾರೆ? ಸೊಸೆ ಹೋದರೆ ಇನ್ನೊಬ್ಬಳು ಬಂದಾಳು, ಮಗ ಹೋದರೆ ಬರುವುದಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಡಾಕ್ಟರರು ಮಾತ್ರ ನಾನು ಹೇಳಿದ್ದನ್ನು ಕೇಳಿ, ದಾರದ ವರದಿಗೆ ಕಾಯುವುದು ಬೇಡ, ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೆ ಔಷಧ ಶುರು ಮಾಡಿ ಎಂದು ಮಾತ್ರೆಗಳನ್ನು ಕಟ್ಟಿಸಿಕೊಟ್ಟರು.

ರವಿವಾರ ಮಧ್ಯಾಹ್ನ ನಾಲ್ಕಕ್ಕೆ ನಾನು ಹೋದಾಗ ಆರತಿಯ ತಂದೆ ಕುಂಥುನಾಥ ಪಡಸಾಲೆಯ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು. ಬಾಗಿಲ ಬಾಜೂ ಆರತಿಯ ಪೆಟ್ಟಿಗೆ. ದೀಪಾಲಿ ಹೊಸ ಫ್ರಾಕು ಹಾಕಿಕೊಂಡು ಅದರ ಮೇಲೆ ಕೂತಿದ್ದಳು, ಊರಿಗೆ ಹೋಗುವ ಖುಷಿಯಲ್ಲಿ. ಅರಿಹಂತನನ್ನೂ ತಾಯಿ ಕರೆಸಿದ್ದರು. ಗೊಮ್ಮಟೇಶ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

ಲಕ್ಷ್ಮೀಬಾಯಿ ಒಳಗಿನಿಂದ ಬಂದು ಎಲ್ಲರ ನಡುವೆ ನೆಲದ ಮೇಲೆ ಕೂತರು.

"ದೀಪಾಲಿಗೆ ಹುಳಾ ಬಂದದ್ದು ನನ್ನ ಬಾಯಿಂದ. ನಾ ಅಗದ ತಿನಸತೇನಿ. ಅರಿಹಂತಗೂ ಸಣ್ಣಾಂವ ಇದ್ದಾಗ ತಿನಸೇನಿ. ಅದಕ್ಕ ಅವ್ರಿಬ್ಬರದು ಕೂಡೇತಿ. ಆರತಿದು ಇದರಾಗ ಏನೂ ಇಲ್ಲ."

ಕುಂಥುನಾಥರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಗೊಮ್ಮಟೇಶ ತಿರುಗಿ ಮೊದಲು ನನ್ನನ್ನು ನೋಡಿದ.

"ಶುಕ್ರವಾರ ಈ ಬಾಯಾರು ಬಂದು ಹೋದ್ರು, ರವಿವಾರ ನಿನಗ ಇದು ನೆನಪಾತು. ಇಷ್ಟ ದಿನಾ ಎಲ್ಲಿತ್ತು ಅವ್ವ?"

"ನಾಚಿಕಿ ಆತು, ಹೇಳಲಿಲ್ಲ."

"ಸೊಸಿ ಮರ್ಯಾದಿ ಉಳಸಾಕ ಬಾಯಿಗೆ ಬಂದದ್ದು ಹೇಳಾಕತ್ತಿ. ಎಂಜಲಾ ಅಂದ್ರ ಕೈ ತೊಳಿಯಾಕಿ ನೀನು. ಅರಿಹಂತಗ ಅಗದ ತಿನಸಿದ್ರ ನನಗ ಯಾಕ ತಿನಸಲಿಲ್ಲ? ಅಂವ ಅಷ್ಟ ನಿನ್ನ ಮಗಾ, ನಾ ಅಲ್ಲೇನು?"

ಈಗ ಸಾಂಗ್ಲಿಯ ಮಾತು ಹೇಳಬೇಕು, ಹೇಳಿ ಎಂದು ನಾನು ಕಣ್ಣಿನಲ್ಲೇ ಅವರನ್ನು ಒತ್ತಾಯಿಸಿದೆ. ನಾಲ್ಕು ವರ್ಷದ ತನಕ ನೀನು ನನ್ನ ಹತ್ತಿರ ಎಲ್ಲಿದ್ದೆ ಎಂದರೆ ಮುಗಿಯಿತು. ಲಕ್ಷ್ಮೀಬಾಯಿ ನನ್ನ ಕಡೆ ನೋಡಲೂ ಇಲ್ಲ. ಅರ್ಧ ನಿಜ ಹೇಳಿದರೆ ಈ ಮಗ ಇನ್ನರ್ಧವನ್ನು ಆರತಿಯ ಮೇಲೆ ಹೊರಿಸುತ್ತಾನೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಅಲ್ಲ" ಎಂದರು.

ಆಮೇಲೆ, ನನಗೆ ಅಡುಗೆಮನೆಯಲ್ಲಿ ಹೇಳಿದ್ದನ್ನೆಲ್ಲ, ಅದೇ ದನಿಯಲ್ಲಿ, ಏನೂ ಬಿಡದೆ ಹೇಳಿದರು. ಅಕ್ಕನ ಹೆಸರು ಚಂಪಾಬಾಯಿ ಎಂದೂ ಹೇಳಿದರು, ಅದನ್ನು ನನಗೆ ಹೇಳಿರಲಿಲ್ಲ. ಅರಿಹಂತ ಗೋಡೆಗೆ ಒರಗಿದ. ಗೊಮ್ಮಟೇಶ ಕೂರಲು ಹಿಂದೆ ಕೈ ಚಾಚಿದ, ಅಲ್ಲಿ ಕುರ್ಚಿ ಇರಲಿಲ್ಲ, ನೆಲಕ್ಕೇ ಕೂತ. ಅಲ್ಲಿಂದಲೇ ನನ್ನ ಕಡೆ ನೋಡಿದ.

"ಇದೂ ನಿಮ್ಮ ಕಾಗದದಾಗ ಬಂದಿತ್ತೇನ್ರಿ?"

"ಇಲ್ರಿ. ಇದನ್ನ ಹೇಳೂ ಪರೀಕ್ಷೆ ಅದಲ್ಲ" ಎಂದೆ.

ಲಕ್ಷ್ಮೀಬಾಯಿ ಆಗ ನನ್ನ ಕಡೆ ತಿರುಗಿದರು. ಹೇಳದೆಯೂ ಇರಬಹುದಿತ್ತು ಎಂದು ಅವರಿಗೆ ಪೂರ್ತಿ ಅರ್ಥವಾದದ್ದು ಆ ಕ್ಷಣದಲ್ಲಿ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನ್ನಿಸಿತು. ಅವರು ಕಣ್ಣು ಒರೆಸಿಕೊಂಡು ಮಗನಿಗೆ ಹೇಳಿದರು.

"ನಾಕ ವರ್ಷದಾಂವ ಇದ್ದಿ. ಬಂದ ದಿನಾನ ನನ್ನ ಕೈ ಕಚ್ಚಿದಿ. ಆವಾಗ ನಿನ್ನ ತಳಿ ಯಾವದು ಅಂತ ನಾ ಯಾರಿಗೂ ಕೇಳಲಿಲ್ಲ."

ಗೊಮ್ಮಟೇಶ ಮುಖ ಮುಚ್ಚಿಕೊಂಡ. ದೀಪಾಲಿ ಪೆಟ್ಟಿಗೆಯಿಂದ ಇಳಿದು, ಹೆದರಿ, ಅಪ್ಪನನ್ನು ಬಿಟ್ಟು ತಾಯಿಯ ಹತ್ತಿರ ಹೋದಳು. ಕುಂಥುನಾಥರು ಎದ್ದು ಟೋಪಿ ಹಾಕಿಕೊಂಡರು, ಹೊರಡಬೇಕೋ ಇರಬೇಕೋ ತಿಳಿಯದೆ ಮಗಳ ಮುಖ ನೋಡಿದರು. ಎಲ್ಲರೂ ಆರತಿಯ ಕಡೆ ನೋಡುತ್ತಿದ್ದರು. ಪತ್ರ ಬಂದಾಗಿನಿಂದ ಅವಳ ಕಡೆ ಯಾರಾದರೂ ಹಾಗೆ ನೋಡಿದ್ದು ಅದೇ ಮೊದಲಿರಬೇಕು.

ಗೊಮ್ಮಟೇಶ ಎದ್ದು ಅವಳ ಎದುರು ಬಂದು ನಿಂತ.

"ಹೋಗಬ್ಯಾಡ. ಇನ್ನ ಮ್ಯಾಲ ನಾ ಯಾವ ಕಾಗದಾನೂ ನೋಡೂದಿಲ್ಲ. ದೀಪಾಲಿ ನನ್ನ ಮಗಳು ಅಂತ ನಿನ್ನ ಬಾಯಿಂದ ಒಂದ ಸಲ ಹೇಳಿಬಿಡು, ಸಾಕು."

ತಾಯಿ ಮೂವತ್ತು ವರ್ಷದ ಗಂಟು ಬಿಚ್ಚಿ ಮುಂದಿಟ್ಟ ಮೇಲೂ ಅವನಿಗೆ ಇನ್ನೊಂದು ಮಾತು ಬೇಕಾಗಿತ್ತು. ಆರತಿ ಅವನನ್ನು ನೆಟ್ಟಗೆ ನೋಡಿದಳು.

"ನಾ ಎಲ್ಲೂ ಹೋಗೂದಿಲ್ರಿ. ಅತ್ತಿಗೂ ಮಗಳಿಗೂ ಹದಿನಾಕ ದಿನಾ ಗುಳಿಗಿ ಕೊಡೂದೈತಿ. ಈ ಮನ್ಯಾಗ ಇರತೇನಿ, ಎಲ್ಲಾ ಮಾಡತೇನಿ. ಆದ್ರ ಅದೊಂದು ಮಾತು ಹೇಳೂದಿಲ್ಲ."

"ಆರತಿ" ಎಂದ ಅವನು.

"ನೀವು ಸಾಯೂತನಕ ಹೇಳೂದಿಲ್ಲ" ಎಂದಳು.

ಆಮೇಲೆ ನನ್ನ ಕಡೆ ಕೈ ಚಾಚಿದಳು. ನಾನು ಮಾತ್ರೆಯ ಪೊಟ್ಟಣಗಳನ್ನು ಕೊಟ್ಟೆ. ಯಾವುದು ಮುಂಜಾನೆ, ಯಾವುದು ಹೊತ್ತು ಮುಳುಗುವ ಮುಂಚೆ ಎಂದು ಎರಡೆರಡು ಸಲ ಕೇಳಿಕೊಂಡು, ಮಗಳ ಕೈ ಹಿಡಿದುಕೊಂಡು ಒಳಗೆ ಹೋದಳು.